ಹೈಸ್ಕೂಲಿನೊಳಗಿನ ಕಾಲೇಜು

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯ, ಮೊದಲ ವೈಸ್ ಚಾನ್ಸಲರ್ ಎಚ್.ವಿ. ನಂಜುಂಡಯ್ಯ ಎಂದು ಮೂರು ಹೆಸರು ಹೇಳಿ ಮುಂದಕ್ಕೆ ಹೋಗುವುದು ನಮ್ಮಲ್ಲಿ ವಾಡಿಕೆ. ಆ ವಿಶ್ವವಿದ್ಯಾಲಯ ಕಣ್ಣು ಬಿಟ್ಟ ಕೂಡಲೇ ಮಾಡಿದ ಒಂದು ಏರ್ಪಾಟನ್ನು ಮಾತ್ರ ಜನ ಮರೆತಿದ್ದಾರೆ. ಕಾಲೇಜಿನ ಮೊದಲ ವರ್ಷದ ಪಾಠವನ್ನು ಅದು ಕಾಲೇಜಿನಿಂದ ಎತ್ತಿ ಹೈಸ್ಕೂಲಿಗೆ ತಂದು ಕೂರಿಸಿತು.

ಅದಕ್ಕೂ ಮೊದಲು ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಲ್ಲಿನ ಲೆಕ್ಕದಲ್ಲಿ ಎರಡು ವರ್ಷ ಇಂಟರ್‌ಮೀಡಿಯೆಟ್, ಎರಡು ವರ್ಷ ಬಿ.ಎ. ಹೊಸ ವಿಶ್ವವಿದ್ಯಾಲಯ ಈ ಲೆಕ್ಕವನ್ನು ಮುರಿದು ಕಟ್ಟಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಇನ್ನೊಂದು ವರ್ಷ ‘ಎಂಟ್ರೆನ್ಸ್’ ತರಗತಿ ಓದಬೇಕು, ಆಮೇಲೆ ಮೂರು ವರ್ಷದ ಡಿಗ್ರಿ. ಆ ಎಂಟ್ರೆನ್ಸ್ ತರಗತಿ ನಡೆಯುತ್ತಿದ್ದದ್ದು ಬೆಂಗಳೂರು, ಮೈಸೂರು ಮತ್ತು ಕೆಲವು ಜಿಲ್ಲಾ ಕೇಂದ್ರಗಳ ಆಯ್ದ ಹೈಸ್ಕೂಲುಗಳಲ್ಲಿ. ಅವುಗಳಿಗೆ ‘ಕಲೀಜಿಯೇಟ್ ಹೈಸ್ಕೂಲು’ ಎಂದೇ ಹೆಸರು ಬಂತು. ಹುಡುಗ ಕೂರುವುದು ಹೈಸ್ಕೂಲಿನ ಬೆಂಚಿನ ಮೇಲೆ, ಬರೆಯುವುದು ವಿಶ್ವವಿದ್ಯಾಲಯದ ಪರೀಕ್ಷೆ.

ಇದರ ಹಿಂದಿನ ಯೋಚನೆ ದೊಡ್ಡದು. ಹದಿನಾರು, ಹದಿನೇಳರ ಹುಡುಗನನ್ನು ಇನ್ನೂರು ಜನ ಕೂರುವ ಉಪನ್ಯಾಸದ ಹಾಲಿಗೆ ಒಮ್ಮೆಲೇ ದೂಡಿದರೆ ಅವನು ಕಂಗಾಲಾಗುತ್ತಾನೆ. ಹೆಸರು ಹಿಡಿದು ಕರೆಯುವ, ನೋಟ್‌ಬುಕ್ ತಿದ್ದುವ ಮೇಷ್ಟರುಗಳ ಕೈಕೆಳಗೇ ಅವನು ಕಾಲೇಜಿನ ವಿಷಯಕ್ಕೆ ಕೈಹಾಕಲಿ, ಅಲ್ಲಿ ಗಟ್ಟಿಯಾದ ಮೇಲೆ ಡಿಗ್ರಿಗೆ ಹೋಗಲಿ. 1917ರಲ್ಲಿ ನೇಮಕವಾದ ಸ್ಯಾಡ್ಲರ್ ಆಯೋಗ ಕಲ್ಕತ್ತಾ ವಿಶ್ವವಿದ್ಯಾಲಯವನ್ನು ಎರಡು ವರ್ಷ ಜಾಲಾಡಿ, ಇಂಟರ್‌ಮೀಡಿಯೆಟ್ ತರಗತಿ ವಿಶ್ವವಿದ್ಯಾಲಯದ ಕೆಲಸವಲ್ಲ, ಅದನ್ನು ಬೇರೆ ಮಾಡಿ, ಡಿಗ್ರಿಯನ್ನು ಮೂರು ವರ್ಷ ಮಾಡಿ ಎಂದು ಹೇಳಿತು. ಅಷ್ಟು ಹೊತ್ತಿಗೆ ಮೈಸೂರು ತನ್ನ ಮಟ್ಟಿಗೆ ಆ ದಾರಿ ಹಿಡಿದಾಗಿತ್ತು. ಒಂದು ದೇಶೀ ಸಂಸ್ಥಾನ ಇಂಡಿಯಾದ ಅತಿ ಹಳೆಯ ವಿಶ್ವವಿದ್ಯಾಲಯಕ್ಕಿಂತ ಮುಂದೆ ಯೋಚಿಸಿತ್ತು ಎಂಬುದನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಆದರೆ ಆ ಹೈಸ್ಕೂಲುಗಳು ಇದ್ದದ್ದು ಎಲ್ಲಿ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ನೋಡಿದರೆ ಈ ಚರಿತ್ರೆಯ ಬಣ್ಣವೇ ಬೇರೆಯಾಗುತ್ತದೆ.

ಇವತ್ತು ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ವ್ಯಾಪಾರದ ಪೇಟೆ. ಅದು ತಾಲ್ಲೂಕಾದದ್ದು ತೀರಾ ಈಚೆಗೆ. ನೆಲವೂ ಒಂದೇ ಥರದ್ದಲ್ಲ. ಚನ್ನಗಿರಿಯದು ಸೂಳೆಕೆರೆಯ ನೀರು, ಅಡಿಕೆ ತೋಟ. ಹೊನ್ನಾಳಿ ತುಂಗಭದ್ರೆಯ ದಂಡೆ. ನ್ಯಾಮತಿಯ ಸುತ್ತ ಮೆಕ್ಕೆಜೋಳದ ಹೊಲ, ಲಂಬಾಣಿ ತಾಂಡಾಗಳು, ಸೂರಗೊಂಡನಕೊಪ್ಪದ ಸೇವಾಲಾಲರ ಕ್ಷೇತ್ರ. ಜಗಳೂರು ಮಳೆಗಾಗಿ ಮುಗಿಲು ನೋಡುವ ಸೀಮೆ. ಇಷ್ಟೆಲ್ಲ ಬೇರೆಯಾದರೂ ನಾಲ್ಕಕ್ಕೂ ಸಮಾನವಾದ ಒಂದು ಸಂಗತಿ ಇದೆ. ಇವತ್ತಿಗೂ ಈ ಯಾವ ಪಟ್ಟಣಕ್ಕೂ ರೈಲಿಲ್ಲ. ಚನ್ನಗಿರಿಯಿಂದಾಗಲಿ ಹೊನ್ನಾಳಿಯಿಂದಾಗಲಿ ಶಿವಮೊಗ್ಗಕ್ಕೆ ಸುಮಾರು 40 ಕಿ.ಮೀ. ಜಗಳೂರಿನಿಂದ ದಾವಣಗೆರೆಗೋ ಚಿತ್ರದುರ್ಗಕ್ಕೋ ಹೆಚ್ಚುಕಡಿಮೆ ಅಷ್ಟೇ ದೂರ. ಬಸ್ಸು ಅಪರೂಪವಾಗಿದ್ದ ಕಾಲಕ್ಕೆ ಅದು ದಿನಾ ಹೋಗಿ ಬರುವ ದೂರವಲ್ಲ.

ಇನ್ನೊಂದು ವಿಶೇಷವುಂಟು. ಈ ತಾಲ್ಲೂಕುಗಳು ಸಂಸ್ಥಾನದ ಅಂಚಿನಲ್ಲಿದ್ದವು. ಹೊನ್ನಾಳಿಯ ಆಚೆ ರಾಣೆಬೆನ್ನೂರು, ಹಿರೇಕೆರೂರು. ಅದು ಮುಂಬಯಿ ಪ್ರಾಂತ. ಜಗಳೂರಿನ ಆಚೆ ಕೂಡ್ಲಿಗಿ, ಹರಪನಹಳ್ಳಿ. ಅದು ಬಳ್ಳಾರಿ ಜಿಲ್ಲೆ, 1953ರ ತನಕ ಮದ್ರಾಸಿನ ಆಡಳಿತ. ಹೀಗಾಗಿ ಹತ್ತು ಹದಿನೈದು ಮೈಲಿಯ ಅಂತರದಲ್ಲಿ ಒಂದೇ ಭಾಷೆಯ, ಒಂದೇ ಜಾತ್ರೆಗೆ ಹೋಗುವ, ಪರಸ್ಪರ ಹೆಣ್ಣು ಕೊಟ್ಟು ತರುವ ಮನೆಗಳ ಹುಡುಗರು ಮೂರು ಬೇರೆ ಬೇರೆ ಪದ್ಧತಿಯಲ್ಲಿ ಓದುತ್ತಿದ್ದರು. ಹೊಳೆಯಾಚೆಯ ಹುಡುಗ ಹೈಸ್ಕೂಲು ಮುಗಿಸಿ ಬರೆಯುತ್ತಿದ್ದ ಮೆಟ್ರಿಕ್ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆ. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದಾಗಿನಿಂದ ಶಾಲೆಯಲ್ಲಿದ್ದುಕೊಂಡೇ ವಿಶ್ವವಿದ್ಯಾಲಯದ ಮೊದಲ ಪರೀಕ್ಷೆ ಬರೆಯುವುದು ಇಂಡಿಯಾದಲ್ಲಿ ರೂಢಿಯಾಗಿತ್ತು. ಮೆಟ್ರಿಕ್ ಪಾಸಾದವನು ಊರಿಗೆಲ್ಲ ದೊಡ್ಡವನಾಗುತ್ತಿದ್ದದ್ದು ಅದೇ ಕಾರಣಕ್ಕೆ. ಅವನ ಕೈಯಲ್ಲಿದ್ದದ್ದು ಊರ ಶಾಲೆಯ ಕಾಗದವಾಗಿರದೆ ದೂರದ ವಿಶ್ವವಿದ್ಯಾಲಯದ ಮೊಹರಾಗಿರುತ್ತಿತ್ತು.

ಮೈಸೂರಿನ ಎಂಟ್ರೆನ್ಸ್ ತರಗತಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಮೆಟ್ರಿಕ್ ಬರೀ ಬಾಗಿಲು ದಾಟಿಸುವ ಪರೀಕ್ಷೆ. ಎಂಟ್ರೆನ್ಸ್ ಹಾಗಲ್ಲ, ಅದು ಇಡೀ ಒಂದು ವರ್ಷದ ಕಾಲೇಜು ಪಾಠ. ಹಳೆಯ ಲೆಕ್ಕದಲ್ಲಿ ಇಂಟರ್‌ಮೀಡಿಯೆಟ್‌ನ ಮೊದಲ ವರ್ಷ ಎನ್ನಬಹುದಾದದ್ದನ್ನು ಹುಡುಗ ಹೈಸ್ಕೂಲಿನಲ್ಲೇ ಮುಗಿಸಿ ಬರುತ್ತಿದ್ದ.

ಹೊನ್ನಾಳಿ ಕಡೆಯ ರೈತನ ಮಗನಿಗೆ ಅದು ದಕ್ಕಬೇಕಾದರೆ ಮನೆ ಬಿಡಲೇಬೇಕಿತ್ತು. ಆ ಹೊರಡುವಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಗಡಿನ ಟ್ರಂಕು, ಸುತ್ತಿದ ಚಾಪೆ, ಹೊದಿಕೆ, ಒಂದು ಚೀಲ ಜೋಳದ ಹಿಟ್ಟು ಅಥವಾ ಅಕ್ಕಿ, ಬಟ್ಟೆಯಲ್ಲಿ ಕಟ್ಟಿದ ಚಟ್ನಿಪುಡಿ. ಶಿವಮೊಗ್ಗದಲ್ಲಿ ನೆಂಟರಿದ್ದರೆ ಅವರ ಪಡಸಾಲೆ. ಇಲ್ಲದಿದ್ದರೆ ಮಠದ ಉಚಿತ ಪ್ರಸಾದ ನಿಲಯವೋ ಜಾತಿವಾರು ವಿದ್ಯಾರ್ಥಿ ನಿಲಯವೋ. ಬ್ರಾಹ್ಮಣರ ಹುಡುಗರಿಗೆ ವಾರಾನ್ನ: ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಹೀಗೆ ಏಳು ಮನೆ ಗೊತ್ತುಮಾಡಿಕೊಳ್ಳಬೇಕು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಇವನ್ನೆಲ್ಲ ಸಾಹಸದ ಕಥೆಯೆಂದು ಕೊಂಡಾಡುವವರಿದ್ದಾರೆ. ಹೊಂದಿಸಿಕೊಂಡವರ ಆತ್ಮಕಥೆಗಳು ನಮಗೆ ಸಿಕ್ಕಿವೆ. ಹೊಂದಿಸಲಾರದೆ ಎಸ್ಸೆಸ್ಸೆಲ್ಸಿಗೇ ನಿಂತು ಮಂಡಿಯಲ್ಲಿ ಲೆಕ್ಕ ಬರೆಯಲು ಕೂತವರು ಆತ್ಮಕಥೆ ಬರೆಯಲಿಲ್ಲ. ಹೆಣ್ಣುಮಕ್ಕಳಂತೂ ಈ ಮಾತಿನಲ್ಲೇ ಬರುವುದಿಲ್ಲ.

ಎಂಟ್ರೆನ್ಸ್ ಪದ್ಧತಿ ಬಹಳ ಕಾಲ ಉಳಿಯಲಿಲ್ಲ. ಬ್ರಜೇಂದ್ರನಾಥ ಸೀಲ್ ವೈಸ್ ಚಾನ್ಸಲರ್ ಆಗಿದ್ದಾಗ, 1927ರ ಸುಮಾರಿಗೆ, ವಿಶ್ವವಿದ್ಯಾಲಯ ಮತ್ತೆ ಎರಡು ವರ್ಷದ ಇಂಟರ್‌ಮೀಡಿಯೆಟ್ಟಿಗೆ ಮರಳಿತು. ನಡುವಿನ ತರಗತಿ ಹೈಸ್ಕೂಲಿನ ಅಂಗಳ ಬಿಟ್ಟು ಇಂಟರ್‌ಮೀಡಿಯೆಟ್ ಕಾಲೇಜು ಎಂಬ ಬೇರೆಯೇ ಕಟ್ಟಡಕ್ಕೆ ನಡೆಯಿತು. ಒಂದು ವರ್ಷದಲ್ಲಿ ವಿಜ್ಞಾನದ ಹುಡುಗರನ್ನು ಡಿಗ್ರಿಗೆ ತಯಾರು ಮಾಡುವುದು ಕಷ್ಟ ಎಂಬ ವಾದದಲ್ಲಿ ಹುರುಳಿತ್ತು, ಒಪ್ಪುತ್ತೇನೆ. ಆದರೆ ಆ ಬದಲಾವಣೆಯಿಂದ ಕಳೆದದ್ದೂ ಕಡಿಮೆಯಲ್ಲ. ಎಂಟ್ರೆನ್ಸ್ ತರಗತಿಯನ್ನು ಇನ್ನೂ ಹತ್ತು ಹೈಸ್ಕೂಲುಗಳಿಗೆ ಹಬ್ಬಿಸಿದ್ದರೆ ತಾಲ್ಲೂಕುಗಳಿಗೆ ಕಾಲೇಜು ಪಾಠ ಐವತ್ತು ವರ್ಷ ಮೊದಲೇ ಬರುತ್ತಿತ್ತೇನೋ. ಇದು ನನ್ನ ಅಂದಾಜು ಅಷ್ಟೆ, ಆದರೂ ಆಸೆಪಡದೆ ಇರಲಾರೆ.

ಶಿವಮೊಗ್ಗಕ್ಕೆ ಇಂಟರ್‌ಮೀಡಿಯೆಟ್ ಕಾಲೇಜು ಬಂದದ್ದು 1940ರ ಹೊತ್ತಿಗೆ. ಮುಂದೆ ಸಹ್ಯಾದ್ರಿ ಕಾಲೇಜಾಗಿ ಬೆಳೆದದ್ದು ಅದೇ. ದಾವಣಗೆರೆಯಲ್ಲಿ ಕೆಲಸ ಹಿಡಿದವರು ವರ್ತಕರು. ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರಿನ ಡಿ.ಆರ್.ಎಂ. ಕಾಲೇಜು, 1951ರಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಆ ಊರಿಗೆ ಬಂದವು. ಹತ್ತಿಯ ಗಿರಣಿ, ದಲಾಲಿ ಮಂಡಿಗಳ ದುಡ್ಡು ಕಾಲೇಜಾಯಿತು. ಜಗಳೂರಿನ ಹುಡುಗ ಬೆಂಗಳೂರಿನ ಬದಲು ದಾವಣಗೆರೆಗೆ ಹೋದರೆ ಸಾಕಾಯಿತು. ಮನೆ ಬಿಡುವುದು ಮಾತ್ರ ತಪ್ಪಲಿಲ್ಲ.

ಹಳ್ಳಿಗಾಡಿನ ಕಡೆ ಮುಖಮಾಡಿದ ದೊಡ್ಡ ಪ್ರಯತ್ನ ಶುರುವಾದದ್ದು ಸಿರಿಗೆರೆಯಲ್ಲಿ. 1946ರಲ್ಲಿ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ಅಲ್ಲಿ ಹೈಸ್ಕೂಲು ತೆರೆದರು. ಮುಂದಿನ ದಶಕಗಳಲ್ಲಿ ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ತರಳಬಾಳು ವಿದ್ಯಾಸಂಸ್ಥೆಯ ಹೈಸ್ಕೂಲುಗಳು ಎದ್ದವು, ಜತೆಗೆ ಊಟ ವಸತಿಯ ನಿಲಯಗಳೂ ಇದ್ದವು. ಹೈಸ್ಕೂಲು ಹಳ್ಳಿಗೆ ಬಂತು. ಅದರ ಮುಂದಿನ ತರಗತಿ ಎಲ್ಲಿ ಎಂಬ ಪ್ರಶ್ನೆ ಆಗ ಇನ್ನೂ ಚುರುಕಾಯಿತು, ಏಕೆಂದರೆ ಈಗ ಅದನ್ನು ಕೇಳುವವರು ನೂರಾರು ಜನ.

ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಯೂ ಇದೇ ಪ್ರಶ್ನೆಗೆ ತಲೆಕೆಡಿಸಿಕೊಂಡಿತು. ರಾಧಾಕೃಷ್ಣನ್ ಆಯೋಗ 1949ರಲ್ಲಿ, ಹನ್ನೆರಡು ವರ್ಷ ಓದಿದ ಮೇಲೆಯೇ ವಿಶ್ವವಿದ್ಯಾಲಯ ಎಂದಿತು. 1952-53ರ ಮುದಲಿಯಾರ್ ಆಯೋಗ ಇಂಟರ್‌ಮೀಡಿಯೆಟ್ಟನ್ನು ಎರಡು ತುಂಡು ಮಾಡಲು ಹೇಳಿತು: ಒಂದು ವರ್ಷ ಹೈಸ್ಕೂಲಿಗೆ, ಒಂದು ವರ್ಷ ಡಿಗ್ರಿಗೆ. ಹೈಸ್ಕೂಲು ಹೈಯರ್ ಸೆಕೆಂಡರಿಯಾಗಿ ಬೆಳೆಯುವ ತನಕ ಕಾಲೇಜಿನಲ್ಲೇ ಒಂದು ವರ್ಷ ಪ್ರಿ-ಯೂನಿವರ್ಸಿಟಿ ತರಗತಿ ಇರಲಿ, ತಾತ್ಕಾಲಿಕವಾಗಿ. ಆ ತಾತ್ಕಾಲಿಕ ತರಗತಿಯೇ ನಮ್ಮ ಪಿಯುಸಿ. ಎಪ್ಪತ್ತು ವರ್ಷದ ಹತ್ತಿರ ಬಂದರೂ ಅದು ಹೋಗಿಲ್ಲ.

ಅರವತ್ತರ ದಶಕದ ಪಿಯುಸಿ ವಿಶ್ವವಿದ್ಯಾಲಯದ ಪರೀಕ್ಷೆಯಾಗಿತ್ತು. ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಬೀಜಗಣಿತ, ಚರಿತ್ರೆ ಓದಿ ಬಂದವನಿಗೆ ಇಲ್ಲಿ ಎಲ್ಲವೂ ಇಂಗ್ಲಿಷು. ಪಾಠ ಅರ್ಥವಾಗುವ ಹೊತ್ತಿಗೆ ವರ್ಷವೇ ಮುಗಿದುಹೋಗುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ಹಳ್ಳಿಯ ಹುಡುಗ ಪಿಯುಸಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಟ್ರಂಕು ಹೊತ್ತು ವಾಪಸು ಬಂದ ಕಥೆ ಈ ಭಾಗದ ಯಾವ ಹಳ್ಳಿಯಲ್ಲಿ ಕೇಳಿದರೂ ಸಿಗುತ್ತದೆ. ಆ ಒಂದು ವರ್ಷದ ಓದು, ಮನೆಯವರು ಸಾಲ ಮಾಡಿ ಹೊಂದಿಸಿದ ಖರ್ಚು, ಪಾಸಾದ ನಾಲ್ಕು ವಿಷಯ, ಯಾವುದೂ ಅವನ ಲೆಕ್ಕಕ್ಕೆ ಜಮೆಯಾಗುತ್ತಿರಲಿಲ್ಲ. ಡಿಗ್ರಿಯವರ ಪಾಲಿಗೆ ಅವನು ಫೇಲ್, ಹೈಸ್ಕೂಲಿನವರ ಪಾಲಿಗೆ ಅವನು ಬಿಟ್ಟುಹೋದವನು. 1916ರ ಎಂಟ್ರೆನ್ಸ್ ತರಗತಿ ಹುಡುಗನ ಕೈಹಿಡಿದು ದಾಟಿಸಲು ಹುಟ್ಟಿತ್ತು. ಅದರ ಮೊಮ್ಮಗನಂತಿದ್ದ ಪಿಯುಸಿ ಜರಡಿಯಾಗಿಬಿಟ್ಟಿತು.

1964ರಿಂದ 66ರ ತನಕ ಕೆಲಸ ಮಾಡಿದ ಕೊಠಾರಿ ಆಯೋಗ 10+2+3 ಎಂಬ ಸೂತ್ರವನ್ನು ಗಟ್ಟಿಮಾಡಿತು. ಎಪ್ಪತ್ತರ ದಶಕದ ಆರಂಭದಲ್ಲಿ ಕರ್ನಾಟಕದ ಪಿಯುಸಿ ಎರಡು ವರ್ಷದ್ದಾಯಿತು, ವಿಶ್ವವಿದ್ಯಾಲಯದ ಕೈಯಿಂದ ರಾಜ್ಯದ ಮಂಡಳಿಯ ಕೈಗೆ ಬಂತು. ಬೇರೆ ಎಷ್ಟೋ ರಾಜ್ಯಗಳು ಈ ಎರಡು ವರ್ಷವನ್ನು ಹನ್ನೊಂದು, ಹನ್ನೆರಡನೇ ಕ್ಲಾಸು ಎಂದು ಶಾಲೆಗೆ ಸೇರಿಸಿದವು. ನಾವು ಕಾಲೇಜು ಎಂಬ ಹೆಸರು ಬಿಡಲಿಲ್ಲ. ಪಾಠ ಹೇಳುವವರು ಉಪನ್ಯಾಸಕರು, ಮುಖ್ಯಸ್ಥರು ಪ್ರಾಂಶುಪಾಲರು, ಸೇರಿದ ಮಕ್ಕಳು ಕಾಲೇಜು ಹುಡುಗರು. ಆದರೆ ತಾಲ್ಲೂಕುಗಳಲ್ಲಿ ಈ ಕಾಲೇಜಿಗೆ ಕಟ್ಟಡ ಎಲ್ಲಿ? ಹೈಸ್ಕೂಲಿನಲ್ಲೇ. ಇದ್ದ ಸರ್ಕಾರಿ ಹೈಸ್ಕೂಲನ್ನು ಜೂನಿಯರ್ ಕಾಲೇಜು ಎಂದು ಮೇಲ್ದರ್ಜೆಗೆ ಏರಿಸಿ, ಎರಡು ಕೊಠಡಿ ಬಿಡಿಸಿ, ಹೊಸ ಬೋರ್ಡು ತೂಗುಹಾಕಿದರು. ವಿಶ್ವೇಶ್ವರಯ್ಯನವರ ಕಾಲದ ಕಲೀಜಿಯೇಟ್ ಹೈಸ್ಕೂಲು ಅರ್ಧ ಶತಮಾನ ಕಳೆದು ಬೇರೆ ಹೆಸರಿನಲ್ಲಿ ಮರಳಿತು. ಈ ಸಲ ಅದು ತಾಲ್ಲೂಕಿಗೇ ಬಂತು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತಿ ಮುಖ್ಯವಾದ ಘಟನೆ ಇದು. ಇದಕ್ಕೆ ಉದ್ಘಾಟನಾ ಶಿಲೆಯಿಲ್ಲ, ಶತಮಾನೋತ್ಸವವೂ ನಡೆಯುವುದಿಲ್ಲ. ಆದರೆ ಜಗಳೂರಿನ, ನ್ಯಾಮತಿಯ ಸಾವಿರಾರು ಮನೆಗಳಲ್ಲಿ ಮೊದಲ ಸಲ ಒಬ್ಬರು ಹತ್ತನೇ ಕ್ಲಾಸು ದಾಟಿದ್ದು, ಆ ಹೊಸ ತರಗತಿ ಹಳೆಯ ಹೈಸ್ಕೂಲಿನ ಕಾಂಪೌಂಡಿನೊಳಗೆ ಇದ್ದದ್ದರಿಂದ.

ಇಂಥ ಸಂಯುಕ್ತ ಕಾಲೇಜಿನ ಒಳಗೆ ಹೊಕ್ಕು ನೋಡಬೇಕು. ಗೇಟು ಒಂದೇ, ಧ್ವಜಕಟ್ಟೆ ಒಂದೇ, ನೀರಿನ ತೊಟ್ಟಿ ಒಂದೇ. ಎಡಗಡೆ ಪ್ರಾಂಶುಪಾಲರ ಕೊಠಡಿ, ಬಲಗಡೆ ಉಪಪ್ರಾಂಶುಪಾಲರ ಕೊಠಡಿ. ಉಪಪ್ರಾಂಶುಪಾಲರು ಎಂದರೆ ಹೈಸ್ಕೂಲು ವಿಭಾಗದ ಹೆಡ್‌ಮೇಷ್ಟರು. ಎರಡು ಹಾಜರಿ ಪುಸ್ತಕ, ಎರಡು ದಾಖಲಾತಿ ರಿಜಿಸ್ಟರು. ಒಂಬತ್ತು ಗಂಟೆ ಸುಮಾರಿಗೆ ಕಾಲೇಜಿನ ಪಾಠ ಶುರು, ಆಮೇಲೆ ಹೈಸ್ಕೂಲಿನ ಪ್ರಾರ್ಥನೆ. ಪ್ರಾರ್ಥನೆ ಮುಗಿಯುವ ತನಕ ಅತ್ತ ಅರ್ಥಶಾಸ್ತ್ರದ ಉಪನ್ಯಾಸಕರು ದನಿ ಏರಿಸಿ ಪಾಠ ಮಾಡಬೇಕು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಬಲಗಡೆಯ ಕೊಠಡಿಯಲ್ಲಿ ಟಿ.ಸಿ. ಇಸಿದುಕೊಂಡು, ವರಾಂಡ ದಾಟಿ, ಎಡಗಡೆಯ ಕೊಠಡಿಯಲ್ಲಿ ಅದನ್ನೇ ಕೊಟ್ಟು ಸೇರುತ್ತಾಳೆ. ಇಲಾಖೆಗಳು ಬೇರೆ ಬೇರೆಯಾದ್ದರಿಂದ ಮೂವತ್ತು ಹೆಜ್ಜೆಯ ಆ ವರಾಂಡವನ್ನು ದಾಟಲೂ ಕಾಗದ ಬೇಕು.

ಈ ಏರ್ಪಾಟಿನ ದೌರ್ಬಲ್ಯ ಕಾಣುತ್ತಿದ್ದದ್ದು ಲ್ಯಾಬಿನಲ್ಲಿ. ಕಲಾ ವಿಭಾಗಕ್ಕೆ ಬೋರ್ಡು, ಸೀಮೆಸುಣ್ಣ ಸಾಕು. ವಾಣಿಜ್ಯಕ್ಕೂ ಹೆಚ್ಚೇನು ಬೇಡ. ವಿಜ್ಞಾನಕ್ಕೆ ಬ್ಯೂರೆಟ್ಟು, ಪಿಪೆಟ್ಟು, ವರ್ನಿಯರ್ ಕ್ಯಾಲಿಪರ್, ಹರಿಯುವ ನೀರು, ಗ್ಯಾಸು, ಕೊನೆಗೆ ಅವನ್ನು ತೋರಿಸಿಕೊಡುವ ಉಪನ್ಯಾಸಕರು ಬೇಕು. ಹೈಸ್ಕೂಲಿನ ಒಂದು ಕೊಠಡಿಗೆ ಕಡಪಾ ಕಲ್ಲಿನ ಕಟ್ಟೆ ಹಾಕಿಸಿ ಲ್ಯಾಬು ಎಂದರೂ ರಸಾಯನಶಾಸ್ತ್ರದ ಹುದ್ದೆ ಖಾಲಿಯಿದ್ದರೆ ಏನು ಮಾಡುವುದು? ಆದ್ದರಿಂದ ತಾಲ್ಲೂಕಿನಲ್ಲಿ ಕಲಾ ವಿಭಾಗ ತುಂಬಿತು, ವಿಜ್ಞಾನಕ್ಕೆ ಹೋಗುವವರು ಮತ್ತೆ ದಾವಣಗೆರೆ, ಶಿವಮೊಗ್ಗದ ಹಾಸ್ಟೆಲು ಹಿಡಿದರು. ಟ್ರಂಕಿನ ಜಾಗಕ್ಕೆ ಸೂಟ್‌ಕೇಸು ಬಂತು, ವಾರಾನ್ನದ ಜಾಗಕ್ಕೆ ಲಕ್ಷ ದಾಟಿದ ಫೀಸು ಬಂತು. ಸಿಇಟಿ, ನೀಟ್ ಎಂಬ ಹೆಸರುಗಳು ಅಡಿಕೆ ಬೆಳೆಯುವ ಮನೆಯಿಂದ ಹಿಡಿದು ಮೆಕ್ಕೆಜೋಳದ ಮನೆಯ ತನಕ ಎಲ್ಲರ ಬಾಯಲ್ಲಿವೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಸಂಯುಕ್ತ ಕಾಲೇಜಿನ ಋಣ ಇನ್ನೂ ದೊಡ್ಡದು. ಮಗಳನ್ನು ಪರಸ್ಥಳದ ಹಾಸ್ಟೆಲಿಗೆ ಕಳಿಸಲು ಒಪ್ಪದ ಅಪ್ಪ, ಅವಳು ಮೂರು ವರ್ಷ ಹೋಗಿಬಂದ ಅದೇ ಗೇಟಿಗೆ ಇನ್ನೆರಡು ವರ್ಷ ಹೋಗುತ್ತೇನೆಂದರೆ ಬೇಡ ಎನ್ನಲು ಕಾರಣ ಹುಡುಕಬೇಕಿತ್ತು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಹೈಸ್ಕೂಲಿಗೆಂದು ಬಂದ ಆ ಸೈಕಲ್ಲು ಪಿಯುಸಿಗೂ ನಡೆಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹುಡುಗಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಶಿಕ್ಷಣ ನೀತಿಯ ಬಗ್ಗೆ ಬರೆಯುವವರು ಸೈಕಲ್ಲು, ಬಸ್ಸನ್ನು ಬೇರೆ ಅಧ್ಯಾಯಕ್ಕೆ ಹಾಕುತ್ತಾರೆ. ತಾಲ್ಲೂಕಿನ ಮಟ್ಟಿಗೆ ಅವೇ ನೀತಿ.

ಇಷ್ಟಾದರೂ ಒಂದು ಪ್ರಶ್ನೆ ಹಾಗೇ ಉಳಿಯಿತು. ಡಿಗ್ರಿಯಲ್ಲಿ ಹೇಳುವ ಪಾಠವನ್ನು ಹೈಸ್ಕೂಲಿನ ವಯಸ್ಸಿನಲ್ಲೇ ಕಲಿತು ತೋರಿಸಿದ ಮಗುವಿಗೆ ಆ ಕಲಿಕೆಯನ್ನು ಡಿಗ್ರಿಯ ಲೆಕ್ಕಕ್ಕೆ ಹಿಡಿಯುತ್ತೀರಾ? ಅಮೆರಿಕದಲ್ಲಿ ಈ ಪ್ರಶ್ನೆಗೆ ಐವತ್ತರ ದಶಕದಲ್ಲೇ ಉತ್ತರ ಕೊಟ್ಟರು. ಅಲ್ಲಿನ ಕಾಲೇಜ್ ಬೋರ್ಡ್ ನಡೆಸುವ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಒಂದರಿಂದ ಐದರ ತನಕ ಅಂಕ. ಮೂರು, ನಾಲ್ಕು, ಐದು ಬಂದರೆ ಕಾಲೇಜಿನ ನಿಯಮದ ಪ್ರಕಾರ ಆ ವಿಷಯದ ಕ್ರೆಡಿಟ್ ಸಿಗುತ್ತದೆ. 1985ರಲ್ಲಿ ಮಿನೆಸೋಟ ರಾಜ್ಯ ಕಾನೂನನ್ನೇ ಮಾಡಿ, ಹೈಸ್ಕೂಲಿನ ಮಕ್ಕಳು ಕಾಲೇಜಿಗೆ ಹೋಗಿ ಪಾಠ ಕೇಳಲಿ, ಖರ್ಚು ಸರ್ಕಾರದ್ದು, ಕ್ರೆಡಿಟ್ಟು ಎರಡು ಕಡೆಗೂ ಎಂದಿತು. ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮ ಕಡೆಯವರ ಮನೆಗೆ ಫೋನು ಮಾಡಿದರೆ ಮೇ ತಿಂಗಳಲ್ಲಿ ಮಾತೆಲ್ಲ ಈ ಪರೀಕ್ಷೆಯದ್ದೇ. ಅಲ್ಲಿನ ಮಕ್ಕಳು ಕೆಲವರು ಒಂದು ಸೆಮಿಸ್ಟರಿನಷ್ಟು ಕ್ರೆಡಿಟ್ ಗಂಟು ಕಟ್ಟಿಕೊಂಡೇ ಕಾಲೇಜಿಗೆ ಕಾಲಿಡುತ್ತಾರೆ.

ನಮ್ಮಲ್ಲಿ ಅಂಥದ್ದು ಇಲ್ಲ ಎಂದು ನಿಟ್ಟುಸಿರು ಬಿಡುವ ಮೊದಲು ಪಾಲಿಟೆಕ್ನಿಕ್ ಕಡೆ ನೋಡಬೇಕು. ಚನ್ನಗಿರಿಯಲ್ಲೊಂದು ಸರ್ಕಾರಿ ಪಾಲಿಟೆಕ್ನಿಕ್ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹದಿನಾರರ ಹುಡುಗ ಪಿಯುಸಿಗೆ ಹೋಗದೆ ಅಲ್ಲಿ ಮೂರು ವರ್ಷದ ಡಿಪ್ಲೊಮಾಕ್ಕೆ ಸೇರುತ್ತಾನೆ. ಅವನ ಮಾರ್ಕ್ಸ್ ಕಾರ್ಡಿನಲ್ಲಿ ವಿಷಯದ ಪಕ್ಕ ಕ್ರೆಡಿಟ್ ಎಂಬ ಕಲಮು ಇರುತ್ತದೆ. ಅವನ ಜತೆ ಓದಿದ ಗೆಳತಿ ಪಿಯುಸಿ ಮೊದಲ ವರ್ಷದಲ್ಲಿ ತ್ರಿಕೋನಮಿತಿ ಬರೆಯುವ ಹೊತ್ತಿಗೆ ಅವನು ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣದ ತುಂಡನ್ನು ಅಳತೆಗೆ ತರುತ್ತಿರುತ್ತಾನೆ, ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತಿರುತ್ತಾನೆ. ಮೂರು ವರ್ಷ ಮುಗಿಸಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆದು ರ್‍ಯಾಂಕ್ ಪಡೆದರೆ ಇಂಜಿನಿಯರಿಂಗ್‌ನ ಮೂರನೇ ಸೆಮಿಸ್ಟರಿಗೆ, ಅಂದರೆ ಎರಡನೇ ವರ್ಷಕ್ಕೇ ಸೇರಬಹುದು. ಬಿ.ಇ.ಯ ಮೊದಲ ವರ್ಷವನ್ನು ಅವನು ಓದಬೇಕಿಲ್ಲ, ಅದು ಡಿಪ್ಲೊಮಾದಲ್ಲೇ ಸಂದುಹೋಗಿದೆ. ಪಿಯುಸಿ ಓದಿದ ಗೆಳತಿಗೆ ಈ ಸವಲತ್ತಿಲ್ಲ. ಬಹಳ ಮನೆಗಳು ಡಿಪ್ಲೊಮಾವನ್ನು ಓದಿನಲ್ಲಿ ಹಿಂದುಳಿದವರ ದಾರಿ ಎಂದು ತಿಳಿದಿವೆ. ಹತ್ತನೇ ತರಗತಿ ಮುಗಿದ ಮರುದಿನದಿಂದ ಕಲಿತದ್ದು ಡಿಗ್ರಿಯ ಖಾತೆಗೆ ಜಮೆಯಾಗುವ ದಾರಿ ನಮ್ಮ ರಾಜ್ಯದಲ್ಲಿ ಇದ್ದರೆ ಅದು ಇದೊಂದೇ, ಅದೂ ಬಡವರ ಮಕ್ಕಳು ಹೆಚ್ಚಾಗಿ ಹಿಡಿಯುವ ದಾರಿ. ಈ ಮಾತನ್ನು ತಾಲ್ಲೂಕಿನ ಪ್ರತಿ ಹೈಸ್ಕೂಲಿನ ಗೋಡೆಯ ಮೇಲೆ ಬರೆಸಬೇಕೆಂದು ನನಗೆ ಅನ್ನಿಸುತ್ತದೆ.

ಸಾಮಾನ್ಯ ಶಿಕ್ಷಣದಲ್ಲಿ ಕಲಿಕೆಯನ್ನು ಕ್ರೆಡಿಟ್ಟಾಗಿ ಜಮೆ ಮಾಡುವ ಮಾತು ಬಂದದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ. 2021ರಲ್ಲಿ ಅದನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ಅದೇ ವರ್ಷ ಯುಜಿಸಿ, ಕ್ರೆಡಿಟ್ ಕೂಡಿಡುವ ಬ್ಯಾಂಕಿನ ನಿಯಮ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯನ್ನೂ ಈ ಲೆಕ್ಕದೊಳಗೆ ತಂದಿತು. ವರ್ಷಕ್ಕೆ 1200 ಗಂಟೆಯ ಕಲಿಕೆ, 30 ಗಂಟೆಗೆ ಒಂದು ಕ್ರೆಡಿಟ್, ಒಟ್ಟು 40. ಹತ್ತನೇ ತರಗತಿ ಮುಗಿದರೆ ಮೂರನೇ ಮಟ್ಟ, ಹನ್ನೆರಡು ಮುಗಿದರೆ ನಾಲ್ಕನೇ ಮಟ್ಟ, ಡಿಗ್ರಿಯ ಮೊದಲ ವರ್ಷ ನಾಲ್ಕೂವರೆ. ಕಾಗದದ ಮೇಲೆ ಅಂದವಾಗಿದೆ. ಆದರೆ ಮಟ್ಟಗಳು ಬೇರೆಯಾದ್ದರಿಂದ ಹೈಸ್ಕೂಲಿನಲ್ಲಿ ಕೂಡಿಟ್ಟ ಕ್ರೆಡಿಟ್ಟು ಡಿಗ್ರಿಯನ್ನು ಒಂದು ದಿನವೂ ಕಿರಿದು ಮಾಡುವುದಿಲ್ಲ. ಹತ್ತಿರದ ಪ್ರಯೋಗವೆಂದರೆ ಆಯ್ದ ಸರ್ಕಾರಿ ಹೈಸ್ಕೂಲುಗಳಲ್ಲಿ ತೃತೀಯ ಭಾಷೆಯ ಬದಲು ಐ.ಟಿ., ಆಟೊಮೊಬೈಲ್, ರಿಟೇಲ್‌ನಂಥ ವೃತ್ತಿ ವಿಷಯವನ್ನು ಎಸ್ಸೆಸ್ಸೆಲ್ಸಿಗೆ ತೆಗೆದುಕೊಳ್ಳುವ ಅವಕಾಶ. ಅದೂ ಮುಂದಿನ ಓದಿಗೆ ಜಮೆಯಾಗುವ ದಾರಿ ಸ್ಪಷ್ಟವಿಲ್ಲ. 2024ರ ಮೇನಲ್ಲಿ ರಾಜ್ಯ ಸರ್ಕಾರ ಆ ನೀತಿಯೊಂದಿಗೆ ಬಂದಿದ್ದ ನಾಲ್ಕು ವರ್ಷದ ಡಿಗ್ರಿಯನ್ನು ಕೈಬಿಟ್ಟು ಮೂರಕ್ಕೆ ಮರಳಿತು. ಮೂರು ವರ್ಷದ ಒಳಗೆ ಎರಡು ಸಲ ಲೆಕ್ಕ ಬದಲಾಯಿತು. ಅದರ ಪೆಟ್ಟು ತಿಂದವರು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದ ಈ ತಾಲ್ಲೂಕುಗಳ ಕಾಲೇಜಿನ ಮಕ್ಕಳೂ ಹೌದು. ಇವರ ಅಜ್ಜಂದಿರು ಮೈಸೂರು ವಿಶ್ವವಿದ್ಯಾಲಯದ ಮೊಹರು ಪಡೆದವರು, ಅಪ್ಪಂದಿರು 1987ರ ನಂತರ ಕುವೆಂಪು ವಿಶ್ವವಿದ್ಯಾಲಯದ್ದು. ಇವರದು 2009ರಲ್ಲಿ ಹುಟ್ಟಿದ ಮೂರನೆಯದು. ಊರು ಇದ್ದಲ್ಲೇ ಇದೆ, ವಿಶ್ವವಿದ್ಯಾಲಯ ಹತ್ತಿರ ಹತ್ತಿರ ಬರುತ್ತಾ ಇದೆ.

ಈಗ ಇನ್ನೊಂದು ತಿರುವು. ಪಿಯು ಮಂಡಳಿಯೂ ಎಸ್ಸೆಸ್ಸೆಲ್ಸಿ ಮಂಡಳಿಯೂ ಸೇರಿ ಒಂದೇ ಪರೀಕ್ಷಾ ಮಂಡಳಿಯಾಗಿದೆ. ಎಲ್‌ಕೆಜಿಯಿಂದ ಹನ್ನೆರಡರ ತನಕ ಒಂದೇ ಅಂಗಳದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಿವೆ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ 2+8+4 ರಚನೆಯನ್ನು ಸೂಚಿಸಿದೆ: ಎರಡು ವರ್ಷ ಶಾಲಾಪೂರ್ವ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ. ಅದು ಜಾರಿಯಾದರೆ ಒಂಬತ್ತರಿಂದ ಹನ್ನೆರಡರ ತನಕ ಒಂದೇ ಹೈಸ್ಕೂಲು. ಎಡಗಡೆ, ಬಲಗಡೆಯ ಎರಡು ಕೊಠಡಿಗಳಿಗೆ ಒಂದೇ ರಿಜಿಸ್ಟರು, ನಡುವೆ ಟಿ.ಸಿ. ಬೇಕಾಗುವುದಿಲ್ಲ. ಆಗಲೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳು ಕೇಳುವುದು ಇಷ್ಟು: ಹನ್ನೊಂದನೇ ತರಗತಿಗೆ ರಸಾಯನಶಾಸ್ತ್ರದ ಉಪನ್ಯಾಸಕರು ಜೂನ್ ತಿಂಗಳಲ್ಲೇ ಬರುತ್ತಾರೆಯೇ, ಲ್ಯಾಬಿನಲ್ಲಿ ನೀರು ಬರುತ್ತದೆಯೇ, ಹನ್ನೆರಡರಲ್ಲಿ ಚೆನ್ನಾಗಿ ಮಾಡಿದ ಮಗಳಿಗೆ ಪಾಲಿಟೆಕ್ನಿಕ್ ಹುಡುಗನಿಗೆ ಕೊಟ್ಟಂತೆ ಒಂದು ಸೆಮಿಸ್ಟರಿನಷ್ಟಾದರೂ ಡಿಗ್ರಿಯಲ್ಲಿ ಬಿಟ್ಟುಕೊಡುತ್ತೀರಾ?